ಪಿಚರನ ಇನ್‌ಕ್ರಿಮೆಂಟು

"ಸರ್, ಇದರಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದಿದೆ" ಎಂದು ಕಾನ್ರಾಡ್ ಸಂಬಳದ ಚೀಟಿಯನ್ನು ಮಾಲೀಕ ರುಡೊಲ್ಫ್ ಸಾಹೇಬರ ಮೇಜಿನ ಮೇಲೆ ಮೆಲ್ಲಗೆ ಇಟ್ಟ.

ಬಿದ್ದಿರಲಿಲ್ಲ. ಸ್ಟೋರ್‌ಕೀಪರ್ ತಿಲಕನಿಗೆ ಜನವರಿಯಿಂದ ತಿಂಗಳಿಗೆ ಸಾವಿರ ದಿರ್ಹಾಮ್ ಹೆಚ್ಚು. ದುಬೈಯ ಆ ಪೈಪ್ ಕಂಪನಿಯಲ್ಲಿ ಹತ್ತೊಂಬತ್ತು ಜನರ ಸಂಬಳದ ಪಟ್ಟಿ ಮಾಡುವ ಕಾನ್ರಾಡನಿಗೇ ನಾಲ್ಕು ವರ್ಷಗಳಿಂದ ಒಂದು ಫಿಲ್ಸ್ ಚಿಲ್ಲರೆಯೂ ಏರಿರಲಿಲ್ಲ. ಕೇಳಿದಾಗಲೆಲ್ಲ ಸಾಹೇಬರು ಮಾರ್ಕೆಟ್ ಬಿದ್ದಿದೆ ಎನ್ನುತ್ತಿದ್ದರು.

"ಅವನು ನಮ್ಮ ಬೇಸ್‌ಬಾಲ್ ಟೀಮಿನ ಪಿಚರ್, ಕಾನ್ರಾಡ್. ನಮ್ಮ ಅಮೆರಿಕದಲ್ಲಿ ಇಂಥವರಿಗೆ ಒಂದು ಚೆಂಡು ಎಸೆದರೆ ಸಾವಿರಾರು ಡಾಲರ್. ನನಗೆ ಅಗ್ಗದಲ್ಲೇ ಸಿಕ್ಕಿದ್ದಾನೆ" ಎಂದರು ಸಾಹೇಬರು.

ಕಾನ್ರಾಡನ ಹೊಟ್ಟೆ ಉರಿದದ್ದು ಹಣಕ್ಕೆ ಮಾತ್ರವಲ್ಲ. ಎರಡು ವರ್ಷದ ಹಿಂದೆ ಊದ್ ಮೇಥಾದಲ್ಲಿ ಊರಿನವರ ಕ್ರಿಕೆಟ್ ಪಂದ್ಯ ನಡೆದಾಗ ಅಂಪೈರ್ ಆಗಿದ್ದವನು ಅವನೇ. ತಿಲಕನ ಮೊಣಕೈ ಮಡಚುತ್ತದೆ, ಅದು ಬೌಲಿಂಗ್ ಅಲ್ಲ, ಕಲ್ಲು ಬಿಸಾಡುವುದು ಎಂದು ಒಂದೇ ಓವರಿನಲ್ಲಿ ಐದು ನೋ-ಬಾಲ್ ಕೊಟ್ಟು ಆ ಉಡುಪಿಯ ಹುಡುಗನ ಕ್ರಿಕೆಟ್ಟನ್ನೇ ಮುಗಿಸಿದ್ದ. ಈಗ ನೋಡಿದರೆ, ಬಿಸಾಡುವುದೇ ಸರಿ ಎನ್ನುವ ಆಟವೊಂದು ಲೋಕದಲ್ಲಿ ಇತ್ತು.

ಮಧ್ಯಾಹ್ನ ತಿಲಕ್ ಹಲ್ವದ ಡಬ್ಬಿ ಹಿಡಿದು ಬಂದ. ಊರಿನ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆಯೇ ಕರೆದ. "ಪೊರ್ಬುಗಳೇ, ತಕೊಳ್ಳಿ. ಇದೆಲ್ಲ ನಿಮ್ಮಿಂದಲೇ ಆದದ್ದು."

"ನಾನೆಂತ ಮಾಡಿದೆ ಮಾರಾಯ?"

"ಅವತ್ತು ನೀವು ನೋ-ಬಾಲ್ ಕೊಡದಿದ್ರೆ ನಾನಿನ್ನೂ ಕ್ರಿಕೆಟ್ ಆಡ್ತಾ ಇರ್ತಿದ್ದೆ. ಅದರಲ್ಲಿ ಎಂತ ಸಿಗ್ತದೆ? ಒಂದು ಕಪ್ಪು, ಒಂದು ಬಿರಿಯಾನಿ."

ಹುಡುಗನ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಕಾನ್ರಾಡ್ ಹಲ್ವದ ತುಂಡನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟ.

ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಎಮಿಲಿಯಾ ಗಂಡನ ಗೋಳನ್ನೆಲ್ಲ ಕೇಳಿದಳು. ಫ್ಲ್ಯಾಟಿನ ಬಾಡಿಗೆ ಏರಿತ್ತು. ಸಂಬಳ ಏರದಿದ್ದರೆ ಮಾರ್ಚಿನಲ್ಲಿ ಶಾರ್ಜಾಕ್ಕೆ ಹೋಗಿ ಒಂದೇ ಕೋಣೆಯಲ್ಲಿ ಇರಬೇಕಿತ್ತು. "ಹತ್ತು ವರ್ಷ ಆಯ್ತು ಅಲ್ಲಿ ಕೂತು. ನಿಮಗೆ ಸಹ ಒಂದು ಬಾಲ್ ಬಿಸಾಡ್ಲಿಕ್ಕೆ ಕಲೀಬಾರದಿತ್ತಾ?" ಎಂದು ಮೀನು ಕೊಯ್ಯಲು ಕೂತಳು.

ಫೆಬ್ರವರಿಯ ಒಂದು ಶುಕ್ರವಾರ ಬೇಸ್‌ಬಾಲ್ ಲೀಗಿನ ಫೈನಲ್. ಕಂಪನಿಯವರೆಲ್ಲ ಬರಲೇಬೇಕೆಂದು ಸಾಹೇಬರ ಅಪ್ಪಣೆಯಾಗಿತ್ತು. ಆಟ ಶುರುವಾಗುವ ಮೊದಲು ಲೀಗಿನ ಕಾರ್ಯದರ್ಶಿ ಪ್ಯಾಟ್ರಿಶಿಯಾ ಮೇಡಂ ಕಂಪನಿಯಿಂದ ತರಿಸಿಕೊಂಡ ಜನವರಿ ಸಂಬಳದ ಪಟ್ಟಿಯ ಫೈಲು ಹಿಡಿದು ಬಂದರು. ಎದುರು ತಂಡದವರು ತಿಲಕನ ಮೇಲೆ ದೂರು ಕೊಟ್ಟಿದ್ದರು; ಲೀಗಿನ ನಿಯಮದಂತೆ ಆಡುವುದಕ್ಕೆಂದು ಯಾರಿಗೂ ಸಂಬಳ ಕೊಡುವಂತಿಲ್ಲ, ಕೊಟ್ಟರೆ ತಂಡ ಹೊರಗೆ.

"ಸಂಬಳದ ಪಟ್ಟಿ ಮಾಡುವವರು ಯಾರು?"

ಸಾಹೇಬರು ಕಾನ್ರಾಡನನ್ನು ಮುಂದೆ ತಳ್ಳಿದರು. ಅವರ ಕಿವಿ ಕೆಂಪಾಗಿತ್ತು.

"ಈ ಸ್ಟೋರ್‌ಕೀಪರಿಗೆ ಜನವರಿಯಲ್ಲಿ ಸಾವಿರ ದಿರ್ಹಾಮ್ ಏರಿಸಿದ್ದು ಯಾಕೆ?"

ಕಾನ್ರಾಡ್ ತಿಲಕನ ಕಡೆ ನೋಡಿದ. ಅವನು ಕೈಗವಸಿನೊಳಗೆ ಚೆಂಡನ್ನು ಅವುಚಿಕೊಂಡು, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಒಂದು ಮಾತು ಸಾಕಿತ್ತು. ಹುಡುಗನ ಈ ಆಟವೂ ಮುಗಿಯುತ್ತಿತ್ತು. ಮೈದಾನದಲ್ಲಿ ನಿಂತು ಕಾನ್ರಾಡ್ ಈವರೆಗೆ ಸುಳ್ಳು ಹೇಳಿದವನಲ್ಲ.

"ಜನರಲ್ ಇನ್‌ಕ್ರಿಮೆಂಟ್, ಮೇಡಂ" ಎಂದ. ತನ್ನ ಬಾಯಿಂದ ಬಂದದ್ದು ಕೇಳಿ ಅವನಿಗೇ ಬೆವರಿತು. "ಹತ್ತೊಂಬತ್ತು ಜನಕ್ಕೂ ಸಾವಿರ ಸಾವಿರ."

"ಪಟ್ಟಿಯಲ್ಲಿ ಇವನೊಬ್ಬನದೇ ಇದೆಯಲ್ಲ?"

"ಸ್ಟೋರಿನಿಂದ ಶುರು ಮಾಡಿದೆವು. ಉಳಿದವರದು ಈ ತಿಂಗಳು, ಜನವರಿಯ ಬಾಕಿ ಸಮೇತ."

ಪ್ಯಾಟ್ರಿಶಿಯಾ ಮೇಡಂ ಸಾಹೇಬರತ್ತ ತಿರುಗಿದರು. "ಹೌದೇ?"

ಸಾಹೇಬರು ಕಾನ್ರಾಡನನ್ನು ನೋಡಿದರು. ತಿಲಕನ ಬಲಗೈ ನೋಡಿದರು. ಆಚೆ ಬದಿಯಲ್ಲಿ ಹಲ್ಲು ಕಿರಿಯುತ್ತಿದ್ದ ಎದುರು ತಂಡದ ಮಾಲೀಕನನ್ನು ನೋಡಿದರು. ಕೊನೆಗೆ, ಕಹಿ ಔಷಧ ನುಂಗಿದವರಂತೆ, "ಹೌದು. ಎಲ್ಲರಿಗೂ" ಎಂದರು.

"ಹಾಗಾದರೆ ಬರೆದುಕೊಡಿ."

ಬಿಸಿಲಿಗೆ ಕಾದ ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಅವರು ಸಹಿ ಹಾಕುವಾಗ, ರಿಸೆಪ್ಷನಿನ ಖೈರುನ್ನಿಸ ಹಿಂದೆ ನಿಂತವರಿಗೆ ವಿಷಯವನ್ನು ಹಿಂದಿಯಲ್ಲಿ ಹೇಳಿದಳು. ಎದ್ದ ಕೂಗಿಗೆ ಪಾರಿವಾಳಗಳು ಹಾರಿದವು.

ತಂಡ ಪಂದ್ಯ ಸೋತಿತು. ತಿಲಕ್ ಮಿಂಚಿನಂತೆ ಎಸೆದ. ಆದರೆ ಹಿಂದೆ ನಿಂತವರಲ್ಲಿ ಒಬ್ಬನಿಗೂ ಚೆಂಡು ಹಿಡಿಯಲು ಬರುತ್ತಿರಲಿಲ್ಲ. ಹನ್ನೊಂದು–ಎರಡು. ಆದರೂ ಕಂಪನಿಯವರು ಒಂದೇ ಸವನೆ ಚಪ್ಪಾಳೆ ತಟ್ಟಿದರು. ಗೆದ್ದವರು ಕಕ್ಕಾಬಿಕ್ಕಿಯಾಗಿ ತಿರುಗಿ ಸ್ಕೋರ್ ಬೋರ್ಡ್ ನೋಡಿಕೊಂಡರು.

ಬಸ್ಸು ಹತ್ತುವಾಗ ಕಾನ್ರಾಡ್ ಮೈದಾನದತ್ತ ಕಣ್ಣು ಹಾಯಿಸಿದ. ಸಾಹೇಬರು ಒಬ್ಬರೇ ನೆಲದಿಂದ ಬೇಸುಗಳನ್ನು, ಓಟಗಾರರು ಮುಟ್ಟುವ ಆ ಚೌಕದ ದಿಂಬುಗಳನ್ನು, ಕಿತ್ತು ಒಟ್ಟು ಮಾಡುತ್ತಿದ್ದರು. ಅವನು ಇಳಿದು ಹೋದ. ಬಿಸಿಲು ನೆತ್ತಿ ಸುಡುತ್ತಿತ್ತು. ಸಾಹೇಬರು ಧೂಳು ಮೆತ್ತಿದ ಒಂದು ಬೇಸನ್ನು ತಲೆಯ ಮೇಲಿಟ್ಟುಕೊಂಡು, ಇನ್ನೊಂದನ್ನು ಅವನತ್ತ ಚಾಚಿದರು. ಇಬ್ಬರೂ ಹಾಗೆಯೇ, ಒಬ್ಬರ ಹಿಂದೆ ಒಬ್ಬರು, ಕಾರಿನ ಕಡೆ ನಡೆದರು.