ಕೆಮ್ಮಣ್ಣಿನ ಗುರುತು

ದೇವಸಮುದ್ರದ ಕಡೆ ಗಾದ್ರಪ್ಪನಂಥ ಸಂಘದ ಅಧ್ಯಕ್ಷ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಅವನು ಕೆಮ್ಮಿದರೆ ಅಷ್ಟು ದೂರದ ಕೊಂಡ್ಲಹಳ್ಳಿಯ ಕುರಿಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ತೊಂಬತ್ತೆಂಟರಲ್ಲಿ 'ನಮಗೆ ಸರ್ಕಾರದ ದನದ ಡಾಕ್ಟ್ರು ಬೇಡ, ನಮ್ಮ ಸೇವಾ ಸಂಘವೇ ಸಾಕು' ಎಂಬ ಅರ್ಜಿಗೆ ಊರಿಡೀ ಹೆಬ್ಬೆಟ್ಟು ಒತ್ತಿಸಿದವನು ಅವನೇ. ಡಾಕ್ಟರು ಗಂಟುಮೂಟೆ ಕಟ್ಟಿದರು. ಆಸ್ಪತ್ರೆಯ ಬೀಗದ ಕೈ ಗಾದ್ರಪ್ಪನ ಉಡಿದಾರಕ್ಕೆ ಬಂತು.

ಸಂಘದ ನಿಯಮ ಒಂದೇ. ಆಸ್ಪತ್ರೆಗೆ ಕಲ್ಲುಗೋಡೆ ಕಟ್ಟಲು ಮೂರು ದಿನ ಶ್ರಮದಾನ ಮಾಡಿದವರ ಕುರಿಯ ಬೆನ್ನಿಗೆ ಕೆಂಪು ಬಣ್ಣ. ಬಣ್ಣವಿದ್ದ ಕುರಿಗೆ ಮಾತ್ರ ಸಂಘ ತರಿಸುವ ಸೂಜಿ. ಆ ಮೂರು ದಿನ ಗಾದ್ರಪ್ಪನ ಪಕ್ಕದ ಮನೆಯ ಕರಿಯಕ್ಕ ತನ್ನ ಹದಿನೆಂಟು ಕುರಿ ಹೊಡೆದುಕೊಂಡು ಸಿದ್ದಾಪುರದ ಗುಡ್ಡದಲ್ಲಿದ್ದಳು.

ಕುರಿಗಳ ಸಿಡುಬಿನ ಸುದ್ದಿ ಬಂದು ಸೂಜಿಯ ದಿನ ಗೊತ್ತಾಯಿತು. ಸಾಲಿನಲ್ಲಿ ಕರಿಯಕ್ಕನ ಕುರಿಗಳೂ ನಿಂತಿದ್ದವು, ಬೆನ್ನ ಮೇಲೆ ಕೆಂಪು. ಗಾದ್ರಪ್ಪ ಹೆಬ್ಬೆರಳಿಗೆ ಉಗುಳು ಹಚ್ಚಿ ಒಂದರ ಬೆನ್ನು ಉಜ್ಜಿದ. ಕೆಂಪು ಬೆರಳಿಗೆ ಬಂತು.

"ಕೆಮ್ಮಣ್ಣು ಬಳ್ದೀಯಲ್ಲ ಕರಿಯಕ್ಕ, ಕುರಿಗೇನು ಮದುವೆ ಇಟ್ಕೊಂಡೀಯಾ?"

ಜನ ನಕ್ಕ ನಗೆಗೆ ಆಸ್ಪತ್ರೆಯ ಹೆಂಚು ಅಲುಗಿತು.

"ನಕ್ಕೊಳ್ರಿ. ನಾನು ಕಲ್ಲು ಹೊರಾಕೆ ಬಂದಿದ್ರೆ ಕುರಿ ಯಾರು ಮೇಯಿಸ್ತಿದ್ರು? ಡಾಕ್ಟ್ರು ಇದ್ದಾಗ ಯಾರ ಕುರಿ ಅಂತ ಕೇಳ್ತಿರ್ಲಿಲ್ಲ ಕಣಪ್ಪ."

"ಹಂಗಾದ್ರೆ ಕಲ್ಲು ಹೊತ್ತೋರು ದಡ್ಡರಾ? ಇವತ್ತು ನಿಂಗೆ ಕೊಟ್ರೆ ನಾಳೆ ಯಾರೂ ಬರಲ್ಲ. ಪುಕ್ಕಟೆ ಕಾಲ ಹೋಯ್ತು, ನಡಿಯಕ್ಕ." ಗಾದ್ರಪ್ಪನಿಗೆ ಅದು ನ್ಯಾಯವೆಂದೇ ಅನಿಸಿತು.

ತಿಂಗಳೊಳಗೆ ಕರಿಯಕ್ಕ ಕುರಿ ಕೂಡುವ ರೊಪ್ಪದಿಂದ ಹದಿನೆಂಟೂ ಹೆಣಗಳು ಹೊರಬಿದ್ದವು. ಪಕ್ಕದ ತಾಲ್ಲೂಕಿನ ಹದ್ದುಗಳೂ ನೆಂಟರ ಹಾಗೆ ಬಂದಿಳಿದವು. ಆಮೇಲೆ ಬೇನೆ ಬೇಲಿ ದಾಟಿತು. ಗಾದ್ರಪ್ಪನ ದೊಡ್ಡ ಕುರಿಗಳು ಉಳಿದವು. ಸೂಜಿಯ ವಯಸ್ಸು ತುಂಬದ ಇಪ್ಪತ್ತೆರಡು ಮರಿಗಳು ಮೈತುಂಬ ಗುಳ್ಳೆಯೆದ್ದು, ಅವನ ಹೆಂಡತಿ ರಂಗಕ್ಕನ ಮಡಿಲಲ್ಲಿ ಒಂದೊಂದಾಗಿ ಕಣ್ಣು ಮುಚ್ಚಿದವು.

"ಅವತ್ತು ಆ ಹದಿನೆಂಟಕ್ಕೂ ಹಾಕಿದ್ರೆ?" ಎಂದಳು ರಂಗಕ್ಕ.



ಮರುದಿನ ಬೆಳಿಗ್ಗೆ ಗಾದ್ರಪ್ಪ ಬಿಳಿ ಅಂಗಿ ತೊಟ್ಟು, ಹೊಸ ಅರ್ಜಿ ಹಿಡಿದು ಕರಿಯಕ್ಕನ ಬಾಗಿಲಲ್ಲಿ ನಿಂತ. "ಸರ್ಕಾರದ ಡಾಕ್ಟ್ರು ವಾಪಸ್ ಬೇಕು ಅಂತ ಬರೆಸೀನಿ. ಮೊದಲ ಹೆಬ್ಬೆಟ್ಟು ನಿಂದಾಗ್ಲಿ."

"ಬಂದು ಯಾವುದಕ್ಕೆ ಸೂಜಿ ಹಾಕ್ತಾರಪ್ಪ? ನನ್ನ ರೊಪ್ಪದಾಗೆ ಹಿಕ್ಕೆ ಬಿಟ್ರೆ ಏನೈತೆ?"

ಅವನು ಅರ್ಜಿ ಮಡಚಲು ಹೋದ.

"ತಾ ಇಲ್ಲಿ. ನಿನ್ನ ಕುರಿಗಾದ್ರೂ ಬರ್ಲಿ."

ಒತ್ತಿದಳು. ಬೆರಳಲ್ಲಿ ಉಳಿದ ಮಸಿಯನ್ನು, ಕುರಿಗೆ ಗುರುತು ಹಾಕುವವರ ಹಾಗೆ, ಅವನ ಅಂಗಿಯ ಬೆನ್ನಿಗೆ ನಿಧಾನವಾಗಿ ಎಳೆದಳು.

ಗಾದ್ರಪ್ಪ ಅಂಗಿ ಬದಲಿಸದೆ ಊರಿನ ಉಳಿದ ಹೆಬ್ಬೆಟ್ಟು ಒತ್ತಿಸಿಕೊಂಡು, ಅರ್ಜಿ ಕೊಡಲು ಮೊಳಕಾಲ್ಮೂರಿನ ಬಸ್ಸು ಹತ್ತಿದ.