ಸೈರನ್ ಆದ್ರೆ ಕಾಯ್ಬೇಡಿ

ಸೈರನ್ ಕೂಗಿದರೆ ನಿನ್ನನ್ನು ಕಾಯದೆ ಹೊರಟುಬಿಡುತ್ತೇನೆ ಎಂದು ಸೀತಾರಾಮಪ್ಪ ಹೆಂಡತಿಗೆ ಮಾತು ಕೊಟ್ಟು ಎಷ್ಟೋ ಮಳೆಗಾಲ ಕಳೆದಿತ್ತು. ಈಗ ಅಂಗಳದಲ್ಲಿ ಮಲಗಿಸಿದ್ದ ಶೇಷಮ್ಮನ ಹಣೆಗೆ ಅವನು ಕುಂಕುಮ ಹಚ್ಚುತ್ತಿರುವಾಗ ಐಸ್ ಫ್ಯಾಕ್ಟರಿಯ ಸೈರನ್ ಕೂಗಿತು.

ತೀರ್ಥಹಳ್ಳಿಯ ಆ ಓಣಿಯ ತುದಿಯಲ್ಲೇ ಫ್ಯಾಕ್ಟರಿ. ಬೆಳಗಾಗುವಷ್ಟರಲ್ಲಿ ತುಂಗಾ ಹೊಳೆ ಅದರ ಕಾಂಪೌಂಡಿನೊಳಗೆ ನುಗ್ಗಿತ್ತು. ಐಸ್ ಹೆಪ್ಪುಗಟ್ಟಿಸುವ ಅಮೋನಿಯಾ ಗ್ಯಾಸಿನ ಪೈಪು ಎಲ್ಲೋ ಕಿತ್ತುಹೋಗಿರಬೇಕು, ಕಣ್ಣು ಉರಿಯತೊಡಗಿತು.

"ದೊಡ್ಡಪ್ಪ, ಏಳಿ. ಶಾಲೆ ಗುಡ್ಡಕ್ಕೆ ಹೋಗಣ," ಎಂದ ತಮ್ಮನ ಮಗ ದೀಪಕ್. "ಚಟ್ಟ ಇನ್ನೂ ಕಟ್ಟಿ ಆಗ್ಲಿಲ್ಲ. ದೊಡ್ಡಮ್ಮನ್ನ ಆಮೇಲೆ ಬಂದು ತಗಂಡ್ ಹೋದ್ರಾಯ್ತು."

"ನೀ ನಡಿ ಮಾರಾಯ. ನಾ ಬರ್ತೀನಿ."

"ನಿಮ್ ಎದೆ ಎಂಥದ್ದು ಅಂತ ಗೊತ್ತಿಲ್ವಾ? ಇನ್ನೊಂದ್ ಸಲ ಈ ಗಾಳಿ ಒಳಗ್ ಹೋದ್ರೆ ಕಷ್ಟ ಅಂದಿದ್ರು ಡಾಕ್ಟ್ರು."

ಪಕ್ಕದ ಮನೆಯ ಹೇಮಾವತಿ ಒದ್ದೆ ಸೆರಗನ್ನು ಮೂಗಿಗೊತ್ತಿಕೊಂಡು ಬಂದಳು. "ಸೈರನ್ ಆದ್ರೆ ಎಲ್ರ ಬಾಗ್ಲು ಬಡಿದು ಓಡ್ಸ್ತಿದ್ದೋಳು ಇವ್ಳೇ. ಇವತ್ತು ನೋಡಿ, ಎಷ್ಟ್ ಆರಾಮಾಗಿ ಮಲ್ಗಿದಾಳೆ," ಎಂದು ನಗಲು ಹೋಗಿ ಅತ್ತಳು.

* * *

ಶೇಷಮ್ಮ ಅದೇ ಫ್ಯಾಕ್ಟರಿಯಲ್ಲಿ ಐಸ್‌ಕ್ಯಾಂಡಿಗೆ ಕಡ್ಡಿ ಸಿಕ್ಕಿಸುತ್ತಿದ್ದಳು. ಸಂಜೆ ಮನೆಗೆ ಬಂದವಳೇ ಹಿಂದಿನಿಂದ ಗಂಡನ ಕುತ್ತಿಗೆಗೆ ತಣ್ಣನೆಯ ಬೆರಳು ಮುಟ್ಟಿಸಿ ಬೆಚ್ಚಿಬೀಳಿಸುವುದು ಅವಳ ದಿನದ ಆಟ.

ಅವನು ಮಾತು ಕೊಟ್ಟ ವರ್ಷದ ನೆರೆಯಲ್ಲಿ ಸೈರನ್ ಆದಾಗ ಅವಳು ಓಣಿಯವರನ್ನು ಎಬ್ಬಿಸುತ್ತ ಹೋದಳು. ಅವನು ಹೊಸಿಲಲ್ಲಿ ಅವಳಿಗಾಗಿ ನಿಂತ. ಅವಳು ಆಚೆ ದಾರಿಯಿಂದ ಗುಡ್ಡ ಹತ್ತಿಯಾಗಿತ್ತು. ಗ್ಯಾಸು ಕುಡಿದು ಬಿದ್ದ ಅವನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಒಯ್ದರು.

"ಕಂಬದಂಗೆ ನಿಂತಿದ್ರಂತಲ್ಲ, ಎಂತಕ್ಕೆ?" ಮಂಚದ ಪಕ್ಕ ಕೂತು ಕೇಳಿದಳು.

"ನೀ ಬರ್ತಿ ಅಂತ."

"ಇನ್ಮೇಲೆ ಸೈರನ್ ಆದ್ರೆ ನನ್ನ ಕಾಯ್ಬೇಡಿ. ನಡೆದ್ಬಿಡಿ. ಮಾತ್ ಕೊಡಿ."

ಕೊಟ್ಟ. ಆಮೇಲೇ ಅವಳು ಕಿತ್ತಳೆ ಸುಲಿದದ್ದು.

* * *

ದೀಪಕ್ ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. "ದೊಡ್ಡಮ್ಮಂಗೆ ಮಾತ್ ಕೊಟ್ಟಿದೀರಿ. ನಂಗೂ ಹೇಳಿದ್ರು ಅವ್ರು."

"ಆಗ ಅವ್ಳಿಗೆ ನಡೆಯಕ್ಕಾಗ್ತಿತ್ತಪ್ಪ," ಎಂದ ಸೀತಾರಾಮಪ್ಪ. "ಈಗ ಯಾರ್ ಕರ್ಕಂಡ್ ಹೋಗ್ತಾರೆ?"

ಅವನು ಕೈ ಬಿಡಿಸಿಕೊಂಡು, ಟವೆಲನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದ. ಅದನ್ನು ಶೇಷಮ್ಮನ ಮೂಗು ಬಾಯಿಯ ಮೇಲೆ ಹೊದಿಸಿ, ತುದಿಗಳನ್ನು ಕಿವಿಯ ಹಿಂದೆ ಜೋಪಾನವಾಗಿ ಸಿಕ್ಕಿಸಿದ.

"ಅವ್ಳದ್ದಾಯ್ತು, ನಿಮ್ದು?" ಎಂದು ಹೇಮಾವತಿ ಇನ್ನೊಂದು ಬಟ್ಟೆ ಅದ್ದಿ ಅವನ ಮುಖಕ್ಕೆ ಕಟ್ಟಿದಳು.

ದೀಪಕ್ ಬಾಗಿಲಾಚೆ ಬಿದಿರು ಸೀಳುತ್ತಿದ್ದವರನ್ನು ಕೂಗಿ ಕರೆದ. "ಚಟ್ಟ ಹೆಂಗಿದೆಯೋ ಹಂಗೇ ತನ್ನಿ. ಹಗ್ಗ ಸುತ್ತಿದ್ರೆ ಸಾಕು. ಗುಡ್ಡಕ್ಕೇ ಹೊತ್ಕಂಡ್ ಹೋಗಣ."

ಕೊನೆಯ ಗಂಟು ಬೀಳುವವರೆಗೂ ಸೀತಾರಾಮಪ್ಪ ಕೆಮ್ಮುತ್ತ, ಜಾರುತ್ತಿದ್ದ ಟವೆಲನ್ನು ಹಿಡಿದುಕೊಂಡು ಅವಳ ತಲೆಯ ಬಳಿಯೇ ನಿಂತಿದ್ದ. ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.