ಮೊದಲ ಸಾಲಿಗೆ ಮೊಣಕಾಲು

"ಲೇ ಗಂಗಿ, ನಿಮ್ಮತ್ತಿ ಬೀಜದ ಉಡಿ ಒಲ್ಲೆ ಅಂದ್ಲಂತಲೇ! ನಮ್ಮವ್ವಗ ಬಿಟ್ಟುಕೊಟ್ಟಾಳಂತ!"

ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಯಶೋಧಾ ಹೀಗೆ ಒದರಿದ್ದೇ ತಡ, ಶಿವಗಂಗಾ ಬಾಯಿಗೆ ಹಾಕಿಕೊಂಡ ಮಂಡಕ್ಕಿ ಅಗಿಯುವುದನ್ನೇ ಮರೆತಳು.

"ಸುಳ್ಳು ಹೇಳಬ್ಯಾಡ."

"ಸುಳ್ಳಾದ್ರ ಈ ಮಿರ್ಚಿ ನಿಂಗ ಬಿಟ್ಟೆ, ತಗಾ. ಬೆಳಿಗ್ಗಿ ನಮ್ಮವ್ವನ ಕರದು, 'ನಾಗಿ, ಈ ಸಲ ನೀನೇ ಬಿತ್ತು' ಅಂದ್ಲಂತ. ನಮ್ಮವ್ವ ಕುಣಿಬೇಕಿಲ್ಲ? ಬೇವಿನ ರಸ ಕುಡದಂಗ ಮಾರಿ ಮಾಡ್ಕೊಂಡು ಕುಂತಾಳ."

ಶಿವಗಂಗಾಳ ಸೋದರತ್ತೆ ಸುಂಕಮ್ಮ ಮತ್ತು ಯಶೋಧಾಳ ತಾಯಿ ನಾಗಲಿಂಗಮ್ಮ ಚಿಗಟೇರಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಬಾಳುವ ವಾರಗಿತ್ತಿಯರು. ಆ ಮನೆತನದಲ್ಲೊಂದು ಪದ್ಧತಿ ಇದೆ. ಈಗೇನೋ ಹೊಲವನ್ನೆಲ್ಲ ಟ್ರ್ಯಾಕ್ಟರ್ ಬಿತ್ತಿ ಹೋಗುತ್ತದೆ. ಆದರೆ ಅದು ಹೊಲಕ್ಕಿಳಿಯುವ ಮುಂಚೆ ಎತ್ತು ಹೂಡಿ, ಹಳೇ ಕೂರಿಗೆಯಿಂದ ಒಂದೇ ಒಂದು ಸಾಲು ಬಿತ್ತಲೇಬೇಕು. ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾ ಹಿಂದೆ ನಡೆಯುವವಳು ಆ ಮನೆಯ ಹೆಣ್ಣೇ ಆಗಬೇಕು, ಅದೂ ಮುಟ್ಟು ನಿಂತವಳು. ಸಾಲು ಮುಗಿಯುವ ತನಕ ಅವಳು ನಿಲ್ಲುವಂತಿಲ್ಲ. ನಿಂತಳೋ, ಭೂಮ್ತಾಯಿ ಅವಳನ್ನು ಒಲ್ಲೆನೆಂದಳು ಅಂತಲೇ ಲೆಕ್ಕ.

ಈ ವಾರಗಿತ್ತಿಯರ ಅತ್ತೆ ಹೊನ್ನೂರಮ್ಮ ಇರುವ ತನಕ ಆ ಸಾಲು ಅವಳದೇ ಆಗಿತ್ತು. ಮುದುಕಿ ಹೋದ ವರ್ಷ ತೀರಿಕೊಂಡಳು. ಸುಂಕಮ್ಮ ಮದುವೆಯಾಗಿ ಬಂದ ಹೊಸದರಲ್ಲೇ ಆ ಸಾಲಿನ ಮೇಲೆ ಕಣ್ಣಿಟ್ಟವಳು. ಯಾರೂ ಇಲ್ಲದಾಗ ಅಂಗಳದಲ್ಲಿ ಮುಷ್ಟಿ ತುಂಬ ಮರಳು ಹಿಡಿದು, ಬೆರಳ ಸಂದಿಯಿಂದ ಸಮನಾಗಿ ಬಿಡುತ್ತಾ ನಡೆದು ಕಲಿತಿದ್ದಳು. ಅಂಥವಳು ತನ್ನ ಸರದಿ ಬಂದಾಗ ಒಲ್ಲೆ ಅಂದಳೇ?

ಶಿವಗಂಗಾ ತನ್ನೂರಿನ ಬಸ್ಸು ಬಿಟ್ಟು ಯಶೋಧಾಳ ಜೊತೆ ಚಿಗಟೇರಿ ಬಸ್ಸು ಹತ್ತಿದಳು.

ಸುಂಕಮ್ಮ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಅದನ್ನು ನೋಡಿಯೇ ಶಿವಗಂಗಾಳಿಗೆ ವಿಚಿತ್ರವೆನಿಸಿತು. ಅವಳ ಅತ್ತೆ ಈಳಿಗೆ ಮಣೆ ಮುಂದೆ ಮೊಣಕಾಲು ಮಡಚಿ ಕೂತಳೆಂದರೆ ಒಂದು ಮದುವೆಯ ಅಡಿಗೆಗೇ ಹೆಚ್ಚಿ ಎದ್ದೇಳುವವಳು.

"ಏನವಾ, ಕಾಲೇಜು ಬಿಟ್ಟು ಇಲ್ಲಿಗೆ ಬಂದಿ? ಯಾವನರ ಹುಡುಗನ ಸುದ್ದಿ ತಂದೀ ಏನು?"

"ಹುಡುಗನ ಸುದ್ದಿ ಆಮ್ಯಾಲೆ. ಉಡಿ ಯಾಕ ಒಲ್ಲೆ ಅಂದಿ?"

"ನಂಗ ಬ್ಯಾಸರ ಆತು, ಒಲ್ಲೆ ಅಂದೆ. ತಡಿ, ಚಾ ಇಡ್ತೀನಿ."

ಸುಂಕಮ್ಮ ಕುರ್ಚಿಯ ಕೈ ಒತ್ತಿ, ತುಟಿ ಕಚ್ಚಿ ಎದ್ದಳು. ಎದ್ದವಳು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು. ಮೊಣಕಾಲಲ್ಲಿ ಏನೋ ಕಟಕ್ಕಂದಿದ್ದು ಶಿವಗಂಗಾಳಿಗೂ ಕೇಳಿಸಿತು.

"ಅತ್ತಿ, ನಿನ್ನ ಮೊಣಕಾಲು..."

"ಸುಮ್ಮನಿರು! ನಿಮ್ಮ ಮಾವಗ ಕೇಳೀತು." ಸುಂಕಮ್ಮ ಮತ್ತೆ ಕುಳಿತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳ್ಳಾಗಡ್ಡಿಯ ನೆವ ಹೇಳುವಂತೆಯೂ ಇರಲಿಲ್ಲ, ಹೆಚ್ಚುವುದನ್ನು ಆಗಲೇ ಬಿಟ್ಟಿದ್ದಳು. "ಮುಟ್ಟು ನಿಂತಾಗ ಎಷ್ಟು ಹಿಗ್ಗಿದ್ದೆ ಗೊತ್ತೇನು, ಗಂಗವ್ವ? ಇನ್ನ ಉಡಿ ನಂದೇ ಅಂತ. ಆ ಹಿಗ್ಗಿನ ಹಿಂದೇನೇ ಈ ಮೊಣಕಾಲು ಹಿಡಕಂಡ್ವು. ಭೂಮ್ತಾಯಿ ಮೊದ್ಲೇ ಹೇಳಾಕತ್ಯಾಳ, ನೀ ಬ್ಯಾಡ ಅಂತ. ಸಾಲಿನ ನಡುವ ನಿಂತು ಎಲ್ಲಾರ ಮುಂದ ಅನ್ನಿಸ್ಕಳ್ಳೋದಕ್ಕಿಂತ ಇಲ್ಲೇ ಬಿಡೋದು ಚಲೋ."

"ಅಯ್ಯೋ! ಅದು ನನ್ನ ಸೆಮಿನಾರ್!" ಎಂದು ಶಿವಗಂಗಾ ಕೂಗಿದಳು.

"ಎದರ ಸೆಮಿನಾರ?"

ಶಿವಗಂಗಾ ಫೋನು ತೆಗೆದಳು. ಹೋದ ತಿಂಗಳು ಬಿ.ಎಸ್ಸಿ ತರಗತಿಯಲ್ಲಿ ಇದೇ ಫೋನು ನೋಡಿ ಗಡಗಡ ಓದಿ ಮುಗಿಸಿದ್ದಳು. ಕೀಲಿನ ಎಲುಬುಗಳ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿ, ಅದರ ಜೀವಕೋಶಗಳಲ್ಲಿರುವ ಈಸ್ಟ್ರೋಜೆನ್ ಗ್ರಾಹಕಗಳು, ಹೀಗೇ ಏನೇನೋ. ಮೇಷ್ಟ್ರು ಚಪ್ಪಾಳೆ ಹೊಡೆಸಿದ್ದರು. ಈಗ ಅತ್ತೆಯ ಮುಖ ನೋಡಿದರೆ ಅದರಲ್ಲಿ ಒಂದು ಸಾಲೂ ಉಪಯೋಗಕ್ಕೆ ಬರುವಂತಿರಲಿಲ್ಲ. ಫೋನನ್ನು ಪಕ್ಕಕ್ಕಿಟ್ಟಳು.

"ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತೋ ಮಷಿನ್ ಐತಲ್ಲ ಅತ್ತಿ? ನಿನ್ನ ಹೆಬ್ಬೆಟ್ಟು ಬಿದ್ರ ಮಾತ್ರ ನಿನ್ನ ಅಕ್ಕಿ ಕೊಡ್ತಾನ, ಹೌದಿಲ್ಲೋ?"

"ಸರ್ವರ್ ಇಲ್ಲಂತ ವಾಪಸ್ ಕಳಸ್ತಾನ."

"ಹ್ಞಾಂ, ಅದೇ! ಮೊಣಕಾಲ ಸಂದ್ಯಾಗ ಮೆತ್ತಗ ಒಂದು ಗಾದಿ ಐತಿ. ಆ ಗಾದಿ ಒಳಗ ಅಂಥ ಸಣ್ಣ ಸಣ್ಣ ಮಷಿನ್ ಅದಾವ. ಹೆಣ್ಮಕ್ಕಳ ಮೈಯಾಗ ಹುಟ್ಟೋ ಹಾರ್ಮೋನೇ ಅದಕ್ಕ ಹೆಬ್ಬೆಟ್ಟು. ಅದು ಬಂದು ಒತ್ತಿದ್ರ ಗಾದಿ ರಿಪೇರಿಗೆ ರೇಷನ್ ಸಿಗತೈತಿ. ಮುಟ್ಟು ನಿಂತ ಮ್ಯಾಲೆ ಹೆಬ್ಬೆಟ್ಟು ಕಮ್ಮಿ ಆಗತೈತಿ, ರೇಷನ್ನೂ ಕಮ್ಮಿ. ಅದೊಂದೇ ಕಾರಣ ಅಂತ ನಾ ಹೇಳಲ್ಲ. ವಯಸ್ಸು ಐತಿ, ತೂಕ ಐತಿ, ನೀ ಹೊತ್ತ ಕೊಡ ಅದಾವ. ವಿಜ್ಞಾನದವ್ರು ಇನ್ನೂ ಹುಡುಕಾಕತ್ಯಾರ. ಆದ್ರ ಭೂಮ್ತಾಯಿ ಸಿಟ್ಟು ಅಂತ ಎಲ್ಲೂ ಬರದಿಲ್ಲ."

ಸುಂಕಮ್ಮ ತನ್ನ ಮೊಣಕಾಲನ್ನು ಹೊಸದಾಗಿ ನೋಡುವಂತೆ ನೋಡಿದಳು. ಆಮೇಲೆ ತಲೆಯಾಡಿಸಿದಳು. "ನಿಮ್ಮ ಕಾಲೇಜಿನ ಮಾತು. ಮತ್ತ ಬ್ಯಾರೆಯವ್ರಿಗೆ ಯಾಕಿಲ್ಲ? ನಾಗಿ ನೋಡು, ಹೆಂಗ ಜಿಂಕಿಯಂಗ ಅದಾಳ."

"ಯಾವ ಜಿಂಕಿ, ಅಕ್ಕ?"

ನಾಗಲಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಯಶೋಧಾ ನಗು ತಡೆದುಕೊಂಡು ನಿಂತಿದ್ದಳು. ನಾಗಲಿಂಗಮ್ಮ ಹೊಸ್ತಿಲು ದಾಟಲು ಗೋಡೆಗೆ ಕೈ ಕೊಟ್ಟಳು. ಮುಚ್ಚಿಡುವ ಉಸಾಬರಿಗೇ ಹೋಗಲಿಲ್ಲ.

"ನನಗೂ ಹಂಗೇ ಐತಿ. ನಿಂತು ವರ್ಷ ಆತಲ್ಲ, ಅವಾಗಿಂದ. ಬೆಳಿಗ್ಗಿ ನೀ ಉಡಿ ತಗಾ ಅಂದಾಗ ಎದಿ ಧಸಕ್ಕಂತು. ನಾ ನಡುವ ನಿಂತ್ರ ಅಕ್ಕ ಏನಂತಾಳ ಅಂತ ಮಧ್ಯಾಹ್ನ ಊಟನೂ ಸೇರಲಿಲ್ಲ."

"ಮತ್ತ ಅದನ್ನ ಹೇಳಾಕ ಏನಾಗಿತ್ತು ನಿನಗ?"

"ನೀ ಹೇಳಿದ್ದೇನು?"

ಇಬ್ಬರೂ ಒಬ್ಬರ ಮೊಣಕಾಲನ್ನು ಒಬ್ಬರು ದಿಟ್ಟಿಸಿದರು. ಶಿವಗಂಗಾಳಿಗೆ ತಡೆಯಲಾಗಲಿಲ್ಲ.

"ಅಲ್ಲ ಅತ್ತಿ, ಮುಟ್ಟು ನಿಂತವ್ರೇ ಬೇಕು ಅಂತ ಪದ್ಧತಿ ಮಾಡ್ಯಾರ. ಮುಟ್ಟು ನಿಂತ್ರ ಗಾದಿ ಸವೀತೈತಿ. ಅಂದ್ರ ಮೊಣಕಾಲು ನೋಯೋವ್ರನ್ನೇ ಹುಡುಕಿ ಹುಡುಕಿ ಕೂರಿಗಿ ಹಿಂದ ನಿಲ್ಲಿಸಿದಂಗ ಆತು! ಭೂಮ್ತಾಯಿ ನೋವಿದ್ದವ್ರನ್ನ ಒಲ್ಲೆ ಅನ್ನಂಗಿದ್ರ ನಿಮ್ಮ ಮನ್ಯಾಗ ಯಾರೂ ಬಿತ್ತಂಗೇ ಇಲ್ಲ."

ಸುಂಕಮ್ಮ ತನ್ನ ಮೊಣಕಾಲಿನ ಮೇಲೆ ಕೈಯಾಡಿಸಿದಳು.

"ಅತ್ತಿ..." ಎಂದಳು ಸುಂಕಮ್ಮ, ಸತ್ತ ಹೊನ್ನೂರಮ್ಮನನ್ನು ನೆನೆದು. "ಬಿತ್ತಾಕ ಹೋಗೋ ದಿನ ಮೊಣಕಾಲಿಗೆ ಬಿಸಿ ಎಣ್ಣಿ ಹಚ್ಚಿ ಅರಿವಿ ಸುತ್ತಿಕೊಳ್ಳಾಕಿ. ನಾ ಅದನ್ನೂ ಶಾಸ್ತ್ರ ಅಂತ ತಿಳಕೊಂಡಿದ್ದೆ."

"ನಾನೂ!" ನಾಗಲಿಂಗಮ್ಮ ಗಹಗಹಿಸಿ ನಕ್ಕಳು. "ನಾ ಬಿತ್ತೋವಾಗ ಯಾವ ಬಣ್ಣದ ಅರಿವಿ ಸುತ್ತಬೇಕು ಅಂತ ನಿನ್ನ ಕೇಳೋಣು ಅಂತಿದ್ದೆ!"

ಸುಂಕಮ್ಮ ನಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು.

ಶಿವಗಂಗಾ ಅಷ್ಟರಲ್ಲಿ ಕ್ರಾಂತಿಕುಮಾರನಿಗೆ ಫೋನು ಹಚ್ಚಿದ್ದಳು. ಅವಳ ಓಣಿಯವನೇ. ಫಿಸಿಯೋಥೆರಪಿ ಓದಿ ಹರಪನಹಳ್ಳಿಯಲ್ಲಿ ಕೆಲಸಕ್ಕಿದ್ದಾನೆ. ವಿಷಯ ತಿಳಿಸಿ, ಸ್ಪೀಕರ್ ಹಾಕಿ ನಡುವೆ ಹಿಡಿದಳು.

"ಅಮ್ಮಾರೆ, ಬಾವು ಐತೇನ್ರಿ? ಜ್ವರ ಗಿರ ಏನರ?"

"ಇಲ್ಲಪ್ಪ. ಕುಂತು ಏಳಾಕ ಆಗಲ್ಲ. ಮೆಟ್ಟಲ ಇಳ್ಯಾಕ ಆಗಲ್ಲ," ಎಂದಳು ಸುಂಕಮ್ಮ.

"ಸವೆದದ್ದು ಮೊದಲಿನಂಗ ಆಗತೈತಿ ಅಂತ ನಾ ಮಾತು ಕೊಡಲ್ರಿ. ಆದ್ರ ತೊಡಿ ಬಲ ಆದ್ರ ಮೊಣಕಾಲಿನ ಭಾರ ಅದು ಹೊರತೈತಿ. ಭಾಳ ಮಂದಿಗೆ ನೋವು ಇಳದೈತಿ. ಮೊದಲ ಡಾಕ್ಟ್ರಿಗೆ ತೋರ್ಸೋಣ, ಆಮ್ಯಾಲೆ ವ್ಯಾಯಾಮ ನಾ ಕಲಸ್ತೀನಿ."

ಸುಂಕಮ್ಮ ಫೋನಿಗೆ ಬಾಯಿ ಹತ್ತಿರ ತಂದಳು. "ಒಂದು ಸಾಲು ನಡಿಬೇಕಪ್ಪ. ಮಳಿ ಬಂದು ಹೊಲ ಹದ ಆಗೋದ್ರೊಳಗ. ಒಂದೇ ಸಾಲು, ನಡುವ ನಿಲ್ಲದಂಗ."

"ಕಾಲು ನೋಡದ ಹೆಂಗ ಹೇಳ್ಲಿ ಅಮ್ಮಾರೆ? ಆದ್ರ ಒಂದು ಸಾಲಿಗೆ ಆಸಿ ಬಿಡಬ್ಯಾಡ್ರಿ. ನಾಳೆ ಹತ್ತಕ್ಕ ಬರ್ರಿ."

"ಇಬ್ರು ಬರ್ತೀವಿ," ಎಂದು ನಾಗಲಿಂಗಮ್ಮ ನಡುವೆ ಬಾಯಿ ಹಾಕಿದಳು.

ಫೋನು ಇಟ್ಟಮೇಲೆ ಸುಂಕಮ್ಮ ವಾರಗಿತ್ತಿಯ ಕಡೆ ತಿರುಗಿದಳು. "ಕೇಳಿಲ್ಲಿ ನಾಗಿ. ಬೆಳಿಗ್ಗಿ ಅಂದ ಮಾತು ವಾಪಸ್ ತಗಂಡೀನಿ. ಉಡಿ ನಂದು. ನನ್ನ ಕೈಲೆ ಆಗಲೇ ಇಲ್ಲ ಅಂದ್ರ ಅವಾಗ ನೀನು."

"ತಗಾ ತಾಯಿ, ನನ್ನ ಜೀವ ಉಳೀತು."

"ಹತ್ತಕ್ಕಂದ್ರ ಒಂಬತ್ತರ ಬಸ್ಸಿಗೇ ಹೋಗಬೇಕು. ಕನ್ನಡಿ ಮುಂದ ನಿಂತು ತಡ ಮಾಡಿದಿ, ಬಿಟ್ಟು ಹೋಗ್ತೀನಿ ನೋಡು."